ಒರಿಸ್ಕನಿಯ ಕಂದರದಲ್ಲಿ ನೆರೆಹೊರೆಯವರು

(ಉಪನ್ಯಾಸದ ಬರಹ ರೂಪ. ಮಾತಿನ ಓಟದಲ್ಲಿ ಬಂದಿದ್ದ ಪುನರುಕ್ತಿಗಳನ್ನು ಮಾತ್ರ ತೆಗೆದಿದ್ದೇನೆ.)

ಸಭಿಕರೇ,

1777ರ ಆಗಸ್ಟ್ 6ರ ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ, ಇಂದಿನ ನ್ಯೂಯಾರ್ಕ್ ರಾಜ್ಯದ ಮೋಹಾಕ್ ಕಣಿವೆಯಲ್ಲಿ, ಸುಮಾರು ಎಂಟುನೂರು ಮಂದಿ ರೈತರ ಪಡೆಯೊಂದು ಎತ್ತಿನ ಗಾಡಿಗಳ ಸಮೇತ ಕಾಡಿನ ನಡುವಿನ ಆಳವಾದ ಕಂದರವೊಂದಕ್ಕೆ ಇಳಿಯಿತು. ಕಂದರದ ತಳದಲ್ಲಿ ಜೌಗು ನೆಲ, ಸಣ್ಣದೊಂದು ತೊರೆ, ತೊರೆಯ ಮೇಲೆ ಮರದ ದಿಮ್ಮಿಗಳನ್ನು ಹಾಸಿದ ದಾರಿ. ಎರಡೂ ಬದಿಯ ಮರಗಳ ಮರೆಯಲ್ಲಿ ಅವರಿಗಾಗಿ ಕಾದು ಕುಳಿತಿದ್ದವರು ಸೆನೆಕಾ ಮತ್ತು ಮೋಹಾಕ್ ಎಂಬ ಸ್ಥಳೀಯ ರಾಷ್ಟ್ರಗಳ ಯೋಧರು, ಮತ್ತು ಇಂಗ್ಲೆಂಡಿನ ದೊರೆಗೆ ನಿಷ್ಠರಾಗಿ ಉಳಿದಿದ್ದ ಅದೇ ಕಣಿವೆಯ ಬಿಳಿಯರು. ಮುಂದಿನ ಆರು ಗಂಟೆಗಳಲ್ಲಿ ಆ ರೈತರ ಪಡೆಯ ಅರ್ಧಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಒಂದೇ ದಿನ, ಅಷ್ಟು ಸಣ್ಣ ಜಾಗದಲ್ಲಿ, ಹೋರಾಡಿದವರ ಸಂಖ್ಯೆಗೆ ಹೋಲಿಸಿದರೆ ಇಷ್ಟು ರಕ್ತ ಹರಿದ ಕಾಳಗಗಳು ತೀರ ವಿರಳ.

ಈ ಕಾಳಗವನ್ನು ಶಾಲಾ ಪುಸ್ತಕಗಳು ಹೇಳುವ ರೀತಿ ನಮಗೆಲ್ಲ ಪರಿಚಿತವಾದದ್ದೇ: ಒಂದು ಕಡೆ ವಲಸಿಗರು, ಇನ್ನೊಂದು ಕಡೆ ಕಾಡಿನ ಯೋಧರು. ನಾನು ಇವತ್ತು ಹೇಳಬೇಕೆಂದಿರುವುದು ಬೇರೆ. ಒರಿಸ್ಕನಿಯಲ್ಲಿ ಹೊಡೆದಾಡಿದವರಲ್ಲಿ ಬಹುಪಾಲು ಮಂದಿ ಒಬ್ಬರನ್ನೊಬ್ಬರು ಬಲ್ಲವರು. ಒಂದೇ ಗಿರಣಿಯಲ್ಲಿ ಗೋಧಿ ಬೀಸಿಸಿಕೊಂಡವರು, ಒಂದೇ ಅಂಗಡಿಯಲ್ಲಿ ಸಾಲ ಬರೆಸಿದವರು. ಈ ಸ್ಥಳೀಯ ರಾಷ್ಟ್ರಗಳು ಸೇರಿ ಕಟ್ಟಿಕೊಂಡಿದ್ದ ಇರೊಕ್ವಾಯ್ ಒಕ್ಕೂಟದವರಂತೂ ಎರಡೂ ಕಡೆಗಳಲ್ಲಿದ್ದರು. ಹೀಗಾಗಿ ಅಂದು ಆ ಕಂದರದಲ್ಲಿ ಎರಡು ಅಂತಃಕಲಹಗಳು ಒಂದೇ ಹೊತ್ತಿಗೆ ನಡೆದವು.

ಮೊದಲು ಜಾಗದ ಬಗ್ಗೆ. ಹಡ್ಸನ್ ನದಿಯಿಂದ ಪಶ್ಚಿಮದ ಮಹಾ ಸರೋವರಗಳಿಗೆ ದೋಣಿಯಲ್ಲಿ ಹೋಗುವವನು ಮೋಹಾಕ್ ನದಿಯ ಮೇಲ್ತುದಿಯವರೆಗೂ ನೀರಿನಲ್ಲೇ ಸಾಗಬಹುದಿತ್ತು. ಅಲ್ಲಿಂದ ಕೆಲವು ಮೈಲಿ ದೋಣಿಯನ್ನೂ ಸರಕನ್ನೂ ಹೊತ್ತು ನಡೆದರೆ ವುಡ್ ಕ್ರೀಕ್ ಎಂಬ ಹಳ್ಳ ಸಿಗುತ್ತದೆ. ಆ ಹಳ್ಳ ಒನೈಡಾ ಸರೋವರದ ಮೂಲಕ ಒಂಟಾರಿಯೋ ಸರೋವರಕ್ಕೆ ಮುಟ್ಟಿಸುತ್ತದೆ. ದೋಣಿ ಹೊರುವ ಈ ತುಂಡು ನೆಲ ಒನೈಡಾ ಜನರದ್ದು. ತುಪ್ಪುಳ, ರಮ್, ಕಂಬಳಿ, ಕೋವಿಮದ್ದು ಎಲ್ಲವೂ ಅದರ ಮೇಲೆಯೇ ಹಾದುಹೋಗಬೇಕಾಗಿದ್ದ ಕಾರಣ ಬ್ರಿಟಿಷರು 1758ರಲ್ಲಿ ಅಲ್ಲಿ ಸ್ಟ್ಯಾನ್‌ವಿಕ್ಸ್ ಎಂಬ ಕೋಟೆಯನ್ನು ಕಟ್ಟಿದರು. ದೊರೆಯ ವಿರುದ್ಧ ಎದ್ದ ಬಂಡುಕೋರರು ಅದೇ ಪಾಳುಕೋಟೆಯನ್ನು ಮತ್ತೆ ಎಬ್ಬಿಸಿ 1777ರಲ್ಲಿ ಹಿಡಿದು ಕುಳಿತಿದ್ದರು. ಇಂದು ಆ ಸ್ಥಳದಲ್ಲಿರುವ ಊರಿನ ಹೆಸರು ರೋಮ್.

ಆ ವರ್ಷದ ಬ್ರಿಟಿಷ್ ಯೋಜನೆ ಕಾಗದದ ಮೇಲೆ ಸೊಗಸಾಗಿತ್ತು. ಜನರಲ್ ಬರ್ಗೊಯ್ನ್ ಕೆನಡಾದಿಂದ ದಕ್ಷಿಣಕ್ಕೆ ಆಲ್ಬನಿಯತ್ತ ಇಳಿಯಬೇಕು. ಬ್ಯಾರಿ ಸೇಂಟ್ ಲೆಜರ್ ಪಶ್ಚಿಮದಿಂದ ಮೋಹಾಕ್ ಕಣಿವೆಯನ್ನು ಹಾಯ್ದು ಬಂದು ಅವನನ್ನು ಕೂಡಿಕೊಳ್ಳಬೇಕು. ಸೇಂಟ್ ಲೆಜರ್ ಆಗಸ್ಟ್ ಮೊದಲ ವಾರದಲ್ಲಿ ಸ್ಟ್ಯಾನ್‌ವಿಕ್ಸ್ ಕೋಟೆಗೆ ಮುತ್ತಿಗೆ ಹಾಕಿದ. ಅವನ ಜೊತೆ ಸುಮಾರು 1,700 ಮಂದಿ. ಅದರಲ್ಲಿ ಅರ್ಧದಷ್ಟು ಸ್ಥಳೀಯ ರಾಷ್ಟ್ರಗಳ ಯೋಧರು. ತಂದಿದ್ದ ಫಿರಂಗಿಗಳು ಮಾತ್ರ ಕೋಟೆಯ ದಪ್ಪ ಮಣ್ಣಿನ ಗೋಡೆಯನ್ನು ಒಡೆಯಲಾರದಷ್ಟು ಸಣ್ಣವು. ಒಳಗೆ ಕರ್ನಲ್ ಪೀಟರ್ ಗ್ಯಾನ್ಸ್‌ವೊರ್ಟ್ ಎಂಬ ಇಪ್ಪತ್ತೆಂಟರ ಡಚ್ ಮೂಲದ ತರುಣ ಶರಣಾಗುವುದಿಲ್ಲವೆಂದು ಹಟ ಹಿಡಿದಿದ್ದ.

ಇದೇ ಯುದ್ಧದ ಬಿಸಿ ನಮ್ಮ ನೆಲಕ್ಕೂ ತಟ್ಟಿತ್ತೆಂಬುದನ್ನು ಇಲ್ಲಿ ಒಂದು ಮಾತಿನಲ್ಲಿ ನೆನಪಿಸಿ ಮುಂದುವರಿಯುತ್ತೇನೆ. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಹಿಡಿದ ಪೆನ್ಸಿಲ್ವೇನಿಯದ ಹಡಗಿನ ಹೆಸರು ‘ಹೈದರ್ ಆಲಿ’. ಯಾರ್ಕ್‌ಟೌನಿನಲ್ಲಿ ಸೋತ ಕಾರ್ನ್‌ವಾಲಿಸ್ ಹತ್ತು ವರ್ಷಗಳ ನಂತರ ಶ್ರೀರಂಗಪಟ್ಟಣದ ಗೋಡೆಯ ಮುಂದೆ ನಿಂತಿದ್ದ.

ಇನ್ನು ಕಣಿವೆಯ ಜನರ ಬಗ್ಗೆ. 1710ರಲ್ಲಿ ಜರ್ಮನಿಯ ಪ್ಯಾಲಟಿನೇಟ್ ಪ್ರಾಂತ್ಯದಿಂದ ಯುದ್ಧ ಮತ್ತು ಹಸಿವಿನಿಂದ ತಪ್ಪಿಸಿಕೊಂಡು ನ್ಯೂಯಾರ್ಕಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು ಇಲ್ಲಿ ನೆಲೆಸಿದ್ದರು. ಅವರ ದಂಡನಾಯಕ ನಿಕೋಲಾಸ್ ಹರ್ಕಿಮರ್ ಐವತ್ತರ ಆಸುಪಾಸಿನ, ಅನುಕೂಲಸ್ಥ ಜಮೀನುದಾರ. ಅವನು ಬರೆದ ಆದೇಶವೊಂದು ಉಳಿದುಬಂದಿದೆ. ಇಂಗ್ಲಿಷನ್ನು ಜರ್ಮನ್ ನಾಲಿಗೆಯಲ್ಲಿ ಉಚ್ಚರಿಸಿದ ಹಾಗೆಯೇ ಬರೆದದ್ದು, ಗಟ್ಟಿಯಾಗಿ ಓದಿಕೊಂಡರಷ್ಟೇ ಅರ್ಥವಾಗುತ್ತದೆ. ಅವನ ಸ್ವಂತ ತಮ್ಮ ಯೋಹಾನ್ ಯೋಸ್ಟ್ ಬ್ರಿಟಿಷರ ಕಡೆ ಸೇರಿದ್ದ.

ಎದುರು ಪಾಳಯದ ಸರ್ ಜಾನ್ ಜಾನ್ಸನ್ ಕೂಡ ಇದೇ ಕಣಿವೆಯವನು. ಅವನ ತಂದೆ ಸರ್ ವಿಲಿಯಂ ಜಾನ್ಸನ್ ಎರಡು ದಶಕ ಕಾಲ ಇರೊಕ್ವಾಯ್ ರಾಷ್ಟ್ರಗಳೊಂದಿಗೆ ಬ್ರಿಟಿಷ್ ಸರ್ಕಾರದ ಮಾತುಕತೆಯನ್ನೆಲ್ಲ ನಡೆಸಿದವನು. ಅವರ ಭಾಷೆ, ಸಭೆಯ ರೀತಿ ರಿವಾಜು, ಉಡುಗೊರೆಯ ಲೆಕ್ಕ ಎಲ್ಲವನ್ನೂ ಅರಗಿಸಿಕೊಂಡಿದ್ದವನು. 1774ರ ಜುಲೈನಲ್ಲಿ ಅವನು ಸತ್ತ. ಅವನೊಡನೆ ಬಾಳ್ವೆ ಮಾಡಿ ಎಂಟು ಮಕ್ಕಳನ್ನು ಹೆತ್ತಾಕೆ ಮೋಹಾಕ್ ಜನಾಂಗದ ಮಾಲಿ ಬ್ರಾಂಟ್. ಆಕೆಯ ತಮ್ಮ ಜೋಸೆಫ್ ಬ್ರಾಂಟ್, ಮೋಹಾಕ್ ಹೆಸರಿನಲ್ಲಿ ಥಾಯೆಂಡನೇಗಿಯ, ಕನೆಕ್ಟಿಕಟ್ಟಿನ ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಕಲಿತವನು, ಲಂಡನ್ನಿಗೆ ಹೋಗಿ ದೊರೆಯನ್ನು ಕಂಡು ಬಂದವನು. ಅವನಿಗೂ ಹರ್ಕಿಮರನಿಗೂ ಹಳೆಯ ಪರಿಚಯ. 1777ರ ಜೂನ್ ಕೊನೆಯಲ್ಲಿ ಸಸ್ಕ್ವಹಾನಾ ನದಿಯ ದಡದ ಉನಡಿಲ್ಲಾದಲ್ಲಿ ಇಬ್ಬರೂ ಎದುರುಬದುರು ಕುಳಿತು ಮಾತಾಡಿದರು. ತಮ್ಮ ಹಿರಿಯರು ದೊರೆಯೊಂದಿಗೆ ಮಾಡಿಕೊಂಡ ಮಾತನ್ನು ತಾವು ಮುರಿಯುವುದಿಲ್ಲ ಎಂದು ಬ್ರಾಂಟ್ ಹೇಳಿದ. ಮಾತು ಅಲ್ಲಿಗೆ ಮುಗಿಯಿತು.

ಇರೊಕ್ವಾಯ್ ಎಂಬುದು ಹೊರಗಿನವರು ಇಟ್ಟ ಹೆಸರು. ಅವರು ತಮ್ಮನ್ನು ಹೌಡೆನೊಸೌನಿ, ಅಂದರೆ ಉದ್ದಮನೆಯ ಜನ ಎಂದು ಕರೆದುಕೊಳ್ಳುತ್ತಾರೆ. ಪೂರ್ವದ ಬಾಗಿಲಲ್ಲಿ ಮೋಹಾಕರು, ಪಶ್ಚಿಮದ ಬಾಗಿಲಲ್ಲಿ ಸೆನೆಕಾಗಳು, ನಡುವೆ ಒಲೆಯನ್ನು ಕಾಯುವ ಒನೊಂಡಾಗರು, ಜೊತೆಗೆ ಒನೈಡಾ ಮತ್ತು ಕಯೂಗರು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ದಕ್ಷಿಣದಿಂದ ಬಂದು ಸೇರಿದ ಟಸ್ಕರೋರಾಗಳು ಆರನೆಯವರು. ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿದ ಕುಟುಂಬಗಳ ಹಾಗೆ ಆರು ರಾಷ್ಟ್ರಗಳು. ಆಯುಧಗಳನ್ನು ಬಿಳಿ ಪೈನ್ ಮರದ ಬೇರಿನಡಿ ಹೂತು, ತಮ್ಮತಮ್ಮೊಳಗೆ ಇನ್ನು ರಕ್ತ ಹರಿಸುವುದಿಲ್ಲವೆಂದು ಮಾಡಿಕೊಂಡ ಶಾಂತಿಯ ಮಹಾಕಟ್ಟಳೆ ಈ ಒಕ್ಕೂಟದ ತಳಹದಿ. ಯುರೋಪಿನವರು ಬಂದ ಮೇಲೆ ನೂರಾರು ವರ್ಷ ಅವರು ಉಳಿದದ್ದೇ ಈ ಒಗ್ಗಟ್ಟಿನಿಂದ, ಮತ್ತು ಫ್ರೆಂಚರನ್ನೂ ಇಂಗ್ಲಿಷರನ್ನೂ ಚಾಣಾಕ್ಷತೆಯಿಂದ ತೂಗಿಸಿಕೊಂಡು ಬಂದದ್ದರಿಂದ.

ಯುದ್ಧ ಹತ್ತಿಕೊಂಡಾಗ ಅವರು ಮೊದಲು ಹೇಳಿದ್ದು, ಇದು ಅಪ್ಪ ಮಗನ ಜಗಳ, ನಮಗೆ ಸಂಬಂಧವಿಲ್ಲ ಎಂದು. ಆದರೆ ತಟಸ್ಥರಾಗಿ ಉಳಿಯಲು ಯಾರೂ ಬಿಡಲಿಲ್ಲ. 1777ರ ಜನವರಿಯಲ್ಲಿ ಒನೊಂಡಾಗದಲ್ಲಿ ಸಾಂಕ್ರಾಮಿಕ ರೋಗ ಹಬ್ಬಿ, ಮುಖಂಡರೂ ಸೇರಿ ಅನೇಕರು ಸತ್ತು, ಒಕ್ಕೂಟದ ಸಭೆಯ ಬೆಂಕಿಯನ್ನೇ ಆರಿಸಬೇಕಾಯಿತು. ಆರು ರಾಷ್ಟ್ರಗಳೂ ಒಟ್ಟಿಗೆ ಕುಳಿತು ಒಮ್ಮತಕ್ಕೆ ಬರುವ ಜಾಗವೇ ಇಲ್ಲದಾಯಿತು. ಒನೈಡಾಗಳು ತಮ್ಮ ಪಕ್ಕದ ಪ್ಯಾಲಟೈನ್ ಹಳ್ಳಿಗಳ ನೆಂಟಸ್ತಿಕೆಯಿಂದಲೂ, ಬಹುಕಾಲದಿಂದ ಅವರ ನಡುವೆ ಇದ್ದ ಪಾದ್ರಿ ಸ್ಯಾಮ್ಯುಯೆಲ್ ಕರ್ಕ್‌ಲ್ಯಾಂಡನ ಪ್ರಭಾವದಿಂದಲೂ ಬಂಡುಕೋರರ ಕಡೆ ವಾಲಿದರು. ಉಳಿದ ಹೆಚ್ಚಿನವರಿಗೆ, ನೆಲ ಕಬಳಿಸುತ್ತ ಬಾಗಿಲಿಗೇ ಬರುತ್ತಿದ್ದ ವಲಸಿಗರಿಗಿಂತ ದೂರದ ದೊರೆಯೇ ವಾಸಿ ಎನಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಸೆನೆಕಾಗಳು ಮಾತ್ರ ಕೊನೆಯವರೆಗೂ ತೂಗಾಡಿದರು. ಆ ಬೇಸಿಗೆ ಬ್ರಿಟಿಷರು ಕರೆದ ಸಭೆಯಲ್ಲಿ ಉಡುಗೊರೆ ಮತ್ತು ರಮ್ ಧಾರಾಳವಾಗಿ ಹಂಚಿಕೆಯಾದವು. ಸೆನೆಕಾ ನಾಯಕ ಕಾರ್ನ್‌ಪ್ಲಾಂಟರ್ ಎದ್ದು ನಿಂತು, ಬಿಳಿಯರ ಈ ಜಗಳಕ್ಕೆ ಕಾರಣವೇ ನಮಗೆ ಗೊತ್ತಿಲ್ಲ, ದುಡುಕುವುದು ಬೇಡ ಎಂದ. ಆಗ ಬ್ರಾಂಟ್ ಅವನನ್ನು ಹೇಡಿ ಎಂದು ಹಂಗಿಸಿದನೆಂದು, ಆ ಸಭೆಯಲ್ಲಿದ್ದ ಬ್ಲ್ಯಾಕ್‌ಸ್ನೇಕ್ ಎಂಬ ಸೆನೆಕಾ ಯೋಧ ತನ್ನ ಇಳಿವಯಸ್ಸಿನಲ್ಲಿ ನೆನಪಿಸಿಕೊಂಡಿದ್ದಾನೆ. ಯೋಧರ ಗುಂಪಿಗೆ ಆ ಒಂದು ಪದ ಸಾಕಾಯಿತು. ಸೆನೆಕಾಗಳು ಹೊರಟರು. ಅವರ ಮಡಿಲಲ್ಲೇ ಬೆಳೆದ ಐರಿಶ್ ಮೂಲದ ಹೆಂಗಸು ಮೇರಿ ಜೆಮಿಸನ್ ಹೇಳಿದ ಪ್ರಕಾರ ಅವರಿಗೆ ಕೊಟ್ಟಿದ್ದ ಆಹ್ವಾನವೇ ಬೇರೆ: ಬನ್ನಿ, ಕುಳಿತು ಚಿಲುಮೆ ಸೇದುತ್ತ, ನಾವು ಬಂಡುಕೋರರನ್ನು ಬಡಿಯುವುದನ್ನು ನೋಡಿ ಎಂದು.

ಇದೇ ‘ಹೇಡಿ’ ಎಂಬ ಪದ ಕೆಲವೇ ವಾರಗಳಲ್ಲಿ ಎದುರು ಪಾಳಯದಲ್ಲೂ ಕೇಳಿಬಂತು. ಮುತ್ತಿಗೆಗೆ ಸಿಕ್ಕ ಸ್ಟ್ಯಾನ್‌ವಿಕ್ಸ್ ಕೋಟೆಯ ನೆರವಿಗೆಂದು ಆಗಸ್ಟ್ 4ರಂದು ಡೇಟನ್ ಕೋಟೆಯಿಂದ ಹೊರಟ ಹರ್ಕಿಮರ್ 5ರ ಸಂಜೆ ಒನೈಡಾಗಳ ಒರಿಸ್ಕ ಎಂಬ ಹಳ್ಳಿಯ ಬಳಿ ಬೀಡುಬಿಟ್ಟ. ಅಲ್ಲಿ ಸುಮಾರು ಅರವತ್ತು ಒನೈಡಾ ಯೋಧರು ಅವನನ್ನು ಸೇರಿಕೊಂಡರು. ಕೋಟೆಗೆ ದೂತರನ್ನು ಕಳಿಸಿ, ಅವರು ತಲುಪಿದ್ದಕ್ಕೆ ಗುರುತಾಗಿ ಮೂರು ಸಲ ಫಿರಂಗಿ ಹಾರಿಸಬೇಕೆಂದೂ, ಒಳಗಿನವರು ಹೊರಬಿದ್ದು ಶತ್ರುವಿನ ಮೇಲೆರಗಬೇಕೆಂದೂ, ಆಗ ತಾನು ಮುಂದೊತ್ತುವೆನೆಂದೂ ಹೇಳಿಕಳಿಸಿದ. ಮರುದಿನ ಬೆಳಿಗ್ಗೆ ಫಿರಂಗಿಯ ಸದ್ದು ಬರಲಿಲ್ಲ. ಹರ್ಕಿಮರ್ ಕಾಯೋಣ ಎಂದ. ಕರ್ನಲ್ ಎಬೆನೆಜರ್ ಕಾಕ್ಸ್ ಮೊದಲಾದ ಅವನ ಕೈಕೆಳಗಿನ ಅಧಿಕಾರಿಗಳು ತಾಳ್ಮೆಗೆಟ್ಟು ಅವನನ್ನು ಹೇಡಿ ಎಂದರು. ತಮ್ಮ ಅತ್ತ ಕಡೆ ಇದ್ದಾನಲ್ಲ, ನೀನೂ ಒಳಗೊಳಗೆ ದೊರೆಯವನೇ ಎಂದರು. ಮುದುಕ ಕೊನೆಗೆ ರೇಗಿ ಮುನ್ನಡೆಯಲು ಅಪ್ಪಣೆ ಕೊಟ್ಟ. ಎರಡೂ ಪಾಳಯಗಳಲ್ಲಿ ವಿವೇಕದ ಮಾತಾಡಿದವನ ಬಾಯನ್ನು ಒಂದೇ ಬೈಗುಳ ಮುಚ್ಚಿಸಿತೆಂಬುದು ನನ್ನನ್ನು ಈ ಇತಿಹಾಸದ ಬೇರೆಲ್ಲ ಸಂಗತಿಗಳಿಗಿಂತ ಹೆಚ್ಚು ಕಾಡಿದೆ.

ಅಷ್ಟರಲ್ಲಿ ಸುದ್ದಿ ಹರ್ಕಿಮರನನ್ನು ದಾಟಿ ಮುಂದೆ ಹೋಗಿತ್ತು. ಕನಜೊಹರಿಯ ತನ್ನ ಮನೆಯಿಂದ ಪಡೆಯ ಚಲನವಲನ ಕಂಡ ಮಾಲಿ ಬ್ರಾಂಟ್ ಓಟಗಾರರ ಕೈಯಲ್ಲಿ ಸೇಂಟ್ ಲೆಜರನಿಗೆ ಸುದ್ದಿ ಮುಟ್ಟಿಸಿದ್ದಳು. ಕೋಟೆಯಿಂದ ಆರು ಮೈಲಿ ಪೂರ್ವದ ಆ ಕಂದರ ಹೊಂಚಿಗೆ ಹೇಳಿ ಮಾಡಿಸಿದ ಜಾಗ. ಜಾನ್ಸನ್‌ನ ಸೈನಿಕರು ಎದುರಿನ ದಾರಿಯನ್ನು ತಡೆಯುವುದು, ಸೆನೆಕಾ ಮತ್ತು ಮೋಹಾಕ್ ಯೋಧರು ಇಕ್ಕೆಲಗಳಿಂದ ಸುತ್ತುವುದು ಎಂದು ಗೊತ್ತಾಯಿತು. ಆದರೆ ಇಡೀ ಪಡೆ ಕಂದರದೊಳಗೆ ಬರುವ ಮೊದಲೇ ಯೋಧರು ಎರಗಿದರು. ಹಿಂದಿದ್ದ ದಳ ಹೊರಗೇ ಉಳಿದು ಓಡಿತು. ಬೆನ್ನಟ್ಟಿದವರ ಕೈಗೆ ಸಿಕ್ಕು ಅದರಲ್ಲೂ ಅನೇಕರು ಸತ್ತರು. ಮೊದಲ ಗುಂಡಿನ ಸುರಿಮಳೆಯಲ್ಲೇ ಕಾಕ್ಸ್ ಬಿದ್ದ. ಹರ್ಕಿಮರನ ಕುದುರೆ ಸತ್ತಿತು, ಅವನ ಕಾಲು ಮೊಣಕಾಲಿನ ಕೆಳಗೆ ಚೂರಾಯಿತು. ಜೀನನ್ನು ಬೀಚ್ ಮರವೊಂದರ ಬುಡಕ್ಕೆ ತರಿಸಿ, ಅದರ ಮೇಲೆ ಕುಳಿತು, ಚಿಲುಮೆ ಹೊತ್ತಿಸಿಕೊಂಡು ಅವನು ಅಪ್ಪಣೆ ಕೊಡುತ್ತಾ ಹೋದ.

ಇಲ್ಲಿ ಒಂದು ಕ್ಷಣ ಕೋವಿಯನ್ನು ಹತ್ತಿರದಿಂದ ನೋಡಬೇಕು. ಕಾಳಗದ ಗತಿ ಬದಲಾದದ್ದು ಅದರಿಂದ. ಅಂದಿನದು ಚಕಮಕಿ ಕಲ್ಲಿನ ಕೋವಿ. ಕಾಗದದ ಪೊಟ್ಟಣವನ್ನು ಹಲ್ಲಿನಿಂದ ಕಚ್ಚಿ ಹರಿದು, ಚಿಟಿಕೆ ಮದ್ದನ್ನು ಪಕ್ಕದ ಬಟ್ಟಲಿಗೆ ಹಾಕಿ ಮುಚ್ಚಿ, ಉಳಿದ ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದ ಸುರಿದು, ಸಲಾಕೆಯಿಂದ ಗಿಡಿದು, ಮತ್ತೆ ಗುರಿ ಹಿಡಿಯಬೇಕು. ಪಳಗಿದ ಕೈಗೂ ಇದಕ್ಕೆ ಇಪ್ಪತ್ತು ಸೆಕೆಂಡು ಹಿಡಿಯುತ್ತದೆ. ಮರದ ಮರೆಯಿಂದ ರೈತನೊಬ್ಬ ಗುಂಡು ಹಾರಿಸಿದಾಗ ಹೊಗೆ ಎದ್ದ ಜಾಗವನ್ನು ಗುರುತಿಟ್ಟುಕೊಂಡ ಯೋಧ, ಅವನು ಮತ್ತೆ ಮದ್ದು ತುಂಬುವುದರೊಳಗೆ ಕೈಗೊಡಲಿ ಹಿಡಿದು ಮೇಲೆ ಬೀಳುತ್ತಿದ್ದ. ಇಪ್ಪತ್ತು ಸೆಕೆಂಡಿನಲ್ಲಿ ಒಂದು ಮರದಿಂದ ಇನ್ನೊಂದು ಮರಕ್ಕೆ ಓಡುವುದು ಕಷ್ಟವೇನಲ್ಲ.

ಆ ಹೊತ್ತಿಗೆ ಭಾರಿ ಗುಡುಗು ಮಳೆ ಬಂತು. ಬಟ್ಟಲಿನ ಮದ್ದು ಒದ್ದೆಯಾದರೆ ಕೋವಿ ಬರೀ ದೊಣ್ಣೆ. ಸುಮಾರು ಒಂದು ಗಂಟೆ ಕಾಲ ಕಾಳಗ ತಾನಾಗಿಯೇ ನಿಂತಿತು. ಹರ್ಕಿಮರ್ ಆ ಬಿಡುವಿನಲ್ಲಿ ಒಂದೊಂದು ಮರದ ಹಿಂದೆ ಇಬ್ಬಿಬ್ಬರನ್ನು ನಿಲ್ಲಿಸಿದ: ಒಬ್ಬ ಹಾರಿಸಿದರೆ ಇನ್ನೊಬ್ಬ ತುಂಬಿದ ಕೋವಿ ಹಿಡಿದು ಕಾಯಬೇಕು. ಮಳೆ ನಿಂತ ಮೇಲೆ ಹೊಗೆ ನೋಡಿ ಓಡಿಬಂದವರಿಗೆ ಎರಡನೆಯ ಗುಂಡು ಎದೆಗೆ ತಗಲಿತು.

ಅದೇ ಹೊತ್ತಿನಲ್ಲಿ ಒನೈಡಾ ಯೋಧನಾಯಕ ಹ್ಯಾನ್ ಯೆರಿ ತನ್ನ ಹೆಂಡತಿ ಮತ್ತು ಮಗನೊಡನೆ ಹೋರಾಡುತ್ತಿದ್ದ. ಅವನ ಮಣಿಕಟ್ಟಿಗೆ ಗುಂಡು ತಗಲಿ ಕೋವಿ ತುಂಬಲಾಗದೆ ಹೋದಾಗ ಹೆಂಡತಿ ತ್ಯೊನಜನೆಗೆನ್ ತಾನೇ ತುಂಬಿ ತುಂಬಿ ಅವನ ಕೈಗೆ ಕೊಟ್ಟಳು. ಸ್ವತಃ ಗುಂಡನ್ನೂ ಹಾರಿಸಿದಳು. ಆ ವರ್ಷದ ಪತ್ರಿಕೆಯೊಂದು ಈ ಕುಟುಂಬದ ಶೌರ್ಯವನ್ನು ವರದಿ ಮಾಡಿತ್ತು. ಹ್ಯಾನ್ ಯೆರಿ ಗುರಿಯಿಟ್ಟದ್ದು ತನ್ನದೇ ಉದ್ದಮನೆಯವರ ಮೇಲೆ.

ಬಿಳಿಯರ ನಡುವಿನ ಹೊಡೆದಾಟ ಇನ್ನೂ ಕ್ರೂರವಾಗಿತ್ತು. ಮಳೆಯ ನಂತರ ರಾಜನಿಷ್ಠರ ಹೊಸ ತುಕಡಿಯೊಂದು ತಮ್ಮ ಹಸಿರು ಕೋಟುಗಳನ್ನು ಒಳಮೈ ಹೊರಗೆ ಮಾಡಿ ತೊಟ್ಟು, ಕೋಟೆಯಿಂದ ಬಂದ ನೆರವಿನ ಪಡೆಯಂತೆ ನಟಿಸುತ್ತ ಮುಂದೆ ಬಂತು. ಕಣಿವೆಯಲ್ಲಿ ಹೇಳಿಕೊಂಡು ಬಂದ ಕಥೆಯಂತೆ, ರೈತರಲ್ಲೊಬ್ಬ ಆ ಸಾಲಿನಲ್ಲಿ ತನ್ನ ಪರಿಚಯದವನ ಮುಖ ಕಂಡು ಸಂತೋಷದಿಂದ ಕೈಚಾಚಿಕೊಂಡು ಹೋದ. ಚಾಚಿದ ಕೈ ಹಿಡಿದೇ ಅವನನ್ನು ಎಳೆದುಕೊಂಡರು. ಕ್ಯಾಪ್ಟನ್ ಜೇಕಬ್ ಗಾರ್ಡಿನಿಯರ್ ಇವರು ಶತ್ರುಗಳೆಂದು ಕೂಗಿದ. ಆಮೇಲೆ ಬಯೊನೆಟ್ಟು, ಚಾಕು, ಕೋವಿಯ ಹಿಡಿ, ಬರಿಗೈ. ಎಲ್ಲಿಂದಲೋ ಬಂದ ಸೈನಿಕನಿಗೆ ಎದುರಾಳಿಯ ಮೇಲೆ ಇಷ್ಟು ರೋಷ ಇರಲಾರದು. ಮನೆ ಬಿಟ್ಟು ಕೆನಡಾಕ್ಕೆ ಓಡಬೇಕಾಗಿ ಬಂದವನಿಗೆ, ತನ್ನನ್ನು ಓಡಿಸಿದವನ ಹೆಸರು ಗೊತ್ತಿತ್ತು.

ಕೊನೆಗೆ ಕಾಳಗವನ್ನು ನಿಲ್ಲಿಸಿದ್ದು ಕಂಬಳಿ ಮತ್ತು ಪಾತ್ರೆಗಳು. ಹರ್ಕಿಮರನ ದೂತರು ತಡವಾಗಿ ಕೋಟೆ ತಲುಪಿದ್ದರು. ಅಲ್ಲಿಂದ ಮರೈನಸ್ ವಿಲೆಟ್ 250 ಮಂದಿಯೊಡನೆ ಹೊರಬಿದ್ದು, ಯೋಧರೂ ರಾಜನಿಷ್ಠರೂ ಬಿಟ್ಟುಹೋಗಿದ್ದ ಬೀಡುಗಳನ್ನು ಗಾಡಿಗಟ್ಟಲೆ ದೋಚಿದ. ಅವನ ಕಡೆ ಒಂದು ಜೀವವೂ ಹೋಗಲಿಲ್ಲ. ಸುದ್ದಿ ಕಂದರಕ್ಕೆ ಮುಟ್ಟಿದಾಗ ಯೋಧರು ಹಿಂದೆ ಸರಿದರು. ಚಿಲುಮೆ ಸೇದುತ್ತ ನೋಡಲು ಬಂದ ಸೆನೆಕಾಗಳು ಮೂವತ್ತಕ್ಕೂ ಹೆಚ್ಚು ಮಂದಿಯನ್ನು, ಅದರಲ್ಲೂ ಹಲವು ನಾಯಕರನ್ನು ಕಳೆದುಕೊಂಡಿದ್ದರು. ಬೀಡಿಗೆ ಮರಳಿದರೆ ಹೊದೆಯಲು ಕಂಬಳಿಯೂ ಇರಲಿಲ್ಲ. ಗೆದ್ದವರು ಯಾರು ಎಂದು ಕೇಳಿದರೆ ಇಬ್ಬರೂ ತಾವೇ ಎನ್ನುತ್ತಿದ್ದರು. ರೈತರು ಕೋಟೆ ತಲುಪಲಿಲ್ಲ, ಯೋಧರಿಗೆ ಮುತ್ತಿಗೆಯ ಮೇಲೆ ಮನಸ್ಸು ಉಳಿಯಲಿಲ್ಲ. ಬಂಡುಕೋರರ ಸೇನಾನಿ ಬೆನೆಡಿಕ್ಟ್ ಆರ್ನಾಲ್ಡ್ ದೊಡ್ಡ ಸೈನ್ಯದೊಡನೆ ಬರುತ್ತಿದ್ದಾನೆಂಬ ಉತ್ಪ್ರೇಕ್ಷಿತ ಸುದ್ದಿ ಹಬ್ಬಿದ್ದೇ ತಡ ಅವರು ಹೊರಟುಬಿಟ್ಟರು. ಆಗಸ್ಟ್ 22ರಂದು ಸೇಂಟ್ ಲೆಜರ್ ಮುತ್ತಿಗೆ ತೆಗೆದ. ಪಶ್ಚಿಮದ ನೆರವು ತಪ್ಪಿದ ಬರ್ಗೊಯ್ನ್ ಅಕ್ಟೋಬರ್ 17ರಂದು ಸರಟೋಗದಲ್ಲಿ ಶರಣಾದ. ಹರ್ಕಿಮರ್ ಅದನ್ನು ನೋಡಲು ಉಳಿಯಲಿಲ್ಲ. ಕಾಳಗದ ಹತ್ತು ದಿನಗಳ ನಂತರ ಅವನ ಕಾಲನ್ನು ಕತ್ತರಿಸಿದರು, ರಕ್ತ ನಿಲ್ಲದೆ ತನ್ನ ಮನೆಯಲ್ಲೇ ಸತ್ತ.

ಆದರೆ ಒರಿಸ್ಕನಿಯ ನಿಜವಾದ ಲೆಕ್ಕ ಇನ್ನೂ ಬಾಕಿ ಇತ್ತು. ಕಾಳಗ ಮುಗಿದ ಕೂಡಲೇ ದೊರೆಯ ಕಡೆಯ ಯೋಧರು ಒನೈಡಾಗಳ ಒರಿಸ್ಕ ಹಳ್ಳಿಗೆ ಬೆಂಕಿಯಿಟ್ಟು, ಬೆಳೆ ತುಳಿದು, ದನಗಳನ್ನು ಹೊಡೆದುಕೊಂಡು ಹೋದರು. ಒನೈಡಾಗಳು ಕನಜೊಹರಿಯ ಮೋಹಾಕರ ಮನೆಗಳನ್ನು ಸೂರೆ ಮಾಡಿದರು. ಮಾಲಿ ಬ್ರಾಂಟ್ ಮಕ್ಕಳನ್ನು ಕರೆದುಕೊಂಡು ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟಳು. ಪೈನ್ ಮರದಡಿ ಹೂತ ಆಯುಧ ಹೀಗೆ ಮೇಲೆದ್ದಿತು. 1778ರಲ್ಲಿ ವಯೋಮಿಂಗ್ ಮತ್ತು ಚೆರಿ ವ್ಯಾಲಿಯ ವಲಸಿಗರ ಮೇಲೆ ರಾಜನಿಷ್ಠರೂ ಯೋಧರೂ ಬಿದ್ದರು. 1779ರಲ್ಲಿ ವಾಷಿಂಗ್ಟನ್ ಕಳಿಸಿದ ಜನರಲ್ ಸಲಿವನ್ನನ ಸೈನ್ಯ ಇರೊಕ್ವಾಯ್ ನಾಡಿನ ನಲವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಸುಟ್ಟು, ಕೊಯ್ಲಿಗೆ ಬಂದಿದ್ದ ಜೋಳದ ಹೊಲಗಳನ್ನೂ ಹಣ್ಣಿನ ತೋಪುಗಳನ್ನೂ ಕಡಿದು ಹಾಕಿತು. ಆ ಚಳಿಗಾಲ ಸಾವಿರಾರು ಮಂದಿ ನಯಾಗರ ಕೋಟೆಯ ಸುತ್ತ ಹಸಿವಿನಲ್ಲಿ ಕಳೆದರು. ಮರುವರ್ಷ ಬ್ರಾಂಟ್ ಬಂದು ಒನೈಡಾಗಳ ಮುಖ್ಯ ಊರನ್ನು ಅದರ ಇಗರ್ಜಿಯ ಸಮೇತ ಸುಟ್ಟ.

1783ರ ಪ್ಯಾರಿಸ್ ಒಪ್ಪಂದದಲ್ಲಿ ದೊರೆ ತನ್ನ ಪರವಾಗಿ ಹೋರಾಡಿದ ಈ ಜನರ ಹೆಸರನ್ನೂ ಎತ್ತಲಿಲ್ಲ. ಬ್ರಾಂಟ್ ತನ್ನವರನ್ನು ಕರೆದುಕೊಂಡು ಇಂದಿನ ಒಂಟಾರಿಯೋದ ಗ್ರ್ಯಾಂಡ್ ನದಿಯ ದಡಕ್ಕೆ ಹೋದ. 1784ರಲ್ಲಿ ಅಲ್ಲಿ ನದಿಯ ಎರಡೂ ಬದಿಗೆ ಆರಾರು ಮೈಲಿ ನೆಲವನ್ನು ಅವರಿಗೆ ಬರೆದುಕೊಟ್ಟರು. ಇಂದು ಅವರ ಕೈಯಲ್ಲಿ ಉಳಿದಿರುವುದು ಅದರಲ್ಲಿ ನೂರಕ್ಕೆ ಐದು ಭಾಗದಷ್ಟು.

ಗೆದ್ದವರ ಕಡೆ ನಿಂತ ಒನೈಡಾಗಳಿಗಾದರೂ? 1784ರಲ್ಲಿ ಅದೇ ಸ್ಟ್ಯಾನ್‌ವಿಕ್ಸ್ ಕೋಟೆಯಲ್ಲಿ ಆದ ಒಪ್ಪಂದದಲ್ಲಿ, ಅವರಿರುವ ನೆಲ ಅವರದೇ ಎಂದು ಅಮೆರಿಕ ಮಾತು ಕೊಟ್ಟಿತು. ನಾಲ್ಕೇ ವರ್ಷಗಳಲ್ಲಿ, 1788ರಲ್ಲಿ, ನ್ಯೂಯಾರ್ಕ್ ರಾಜ್ಯ ಅವರಿಂದ ಲಕ್ಷಾಂತರ ಎಕರೆಗಳನ್ನು ಬರೆಸಿಕೊಂಡಿತು. ನಂತರದ ದಶಕಗಳಲ್ಲಿ ಉಳಿದದ್ದನ್ನು ತುಂಡು ತುಂಡಾಗಿ ತೆಗೆದುಕೊಂಡಿತು. 1794ರ ಇನ್ನೊಂದು ಒಪ್ಪಂದ ಯುದ್ಧದಲ್ಲಾದ ಅವರ ನಷ್ಟಕ್ಕೆ 5,000 ಡಾಲರ್ ಪರಿಹಾರವನ್ನೂ, ಸುಟ್ಟ ಇಗರ್ಜಿಯನ್ನು ಮತ್ತೆ ಕಟ್ಟಲು 1,000 ಡಾಲರನ್ನೂ ಗೊತ್ತುಮಾಡಿತು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ನ್ಯೂಯಾರ್ಕಿನಲ್ಲಿ ಒನೈಡಾಗಳ ಕೈಯಲ್ಲಿ ಉಳಿದಿದ್ದ ನೆಲ 32 ಎಕರೆ.